ಅಣ್ಣನಿಗೆ ಬಿದ್ದ ಎರಡುಗಳು

ಅಣ್ಣ ತೀರಿಕೊಂಡ ಮರುದಿನ ಪತ್ರಿಕೆಯಲ್ಲಿ ಅವನ ಬಗ್ಗೆ ಅಂಗೈಯಗಲ ಬರೆದಿದ್ದರು. ‘ಇಂಡ್ರಿ ಸೈಡನ್, ಮಾಜಿ ಲೋಕೋಪಯೋಗಿ ಮಂತ್ರಿ. ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸ ಮಾಡುತ್ತಿದ್ದವರು ರಾಜಕೀಯಕ್ಕೆ ಬಂದು ಎರಡು ಸಲ ಮಂತ್ರಿಯಾದರು. ಕೊನೆಯ ಚುನಾವಣೆಯಲ್ಲಿ ಸ್ವಂತ ಊರಿನವರೇ ಕೈಬಿಟ್ಟದ್ದರಿಂದ ಸೋತು ಮನೆ ಸೇರಿದರು.’ ಅಷ್ಟೇ. ಕೆಳಗೆ ಯಾವುದೋ ಸೋಫಾ ಅಂಗಡಿಯ ಜಾಹೀರಾತು.

ಸೋತು ಮನೆ ಸೇರಿದರಂತೆ! ಬರೆದವನನ್ನು ಎದುರಿಗೆ ಕೂರಿಸಿಕೊಂಡು ನಾಲ್ಕು ಮಾತು ಕೇಳಿಸಬೇಕು ಅನ್ನಿಸಿತು. ತಾನು ಇರುವ ತನಕ ಬಾಯಿ ಬಿಡಬಾರದೆಂದು ಅಣ್ಣ ನನ್ನಿಂದ ಮಾತು ತೆಗೆದುಕೊಂಡಿದ್ದ. ಈಗ ಅವನೂ ಇಲ್ಲ. ಈ ಗುಟ್ಟು ಗೊತ್ತಿದ್ದ ಇನ್ನೊಬ್ಬಳು, ಆ ಲಾಯರಮ್ಮ, ಅವಳೂ ರಾಜಕೀಯ ಬಿಟ್ಟು ಮೊಮ್ಮಕ್ಕಳನ್ನು ಆಡಿಸುತ್ತಿದ್ದಾಳೆ. ಇನ್ನು ನನ್ನ ಬಾಯಿಗೆ ಬೀಗ ಹಾಕುವವರು ಯಾರಿದ್ದಾರೆ?

ನಮ್ಮ ಮಾಲ್ಟಾದಲ್ಲಿ ಪಕ್ಷವೆನ್ನುವುದು ಅಪ್ಪನ ಮೂಗಿನ ಹಾಗೆ, ಹುಟ್ಟುವಾಗಲೇ ಬಂದಿರುತ್ತದೆ. ಎದುರು ಪಕ್ಷದವರ ಓಟನ್ನು ಯಾರೂ ಮುರಿಯಲಾರರು. ಹಾಗಾಗಿ ನಿಜವಾದ ಕುಸ್ತಿಯೆಲ್ಲ ನಮ್ಮನಮ್ಮಲ್ಲೇ. ಒಂದು ಕ್ಷೇತ್ರದಿಂದ ಐದು ಜನ ಆರಿಸಿ ಹೋಗಬೇಕು. ನಮ್ಮ ಒಂದೇ ಪಕ್ಷದಿಂದ ಹತ್ತು ಹನ್ನೆರಡು ಮಂದಿ ನಿಂತಿರುತ್ತಾರೆ. ಚೀಟಿಯಲ್ಲಿ ನಮಗೆ ಬೇಕಾದವರ ಹೆಸರಿನ ಮುಂದೆ ಒಂದು, ಆಮೇಲಿನವರಿಗೆ ಎರಡು, ಮೂರು ಎಂದು ಬರೆಯುತ್ತಾ ಹೋಗಬೇಕು. ಒಂದು ಎನ್ನುವುದೇ ಓಟು. ಒಂದು ಪಡೆದವರು ಆಗಲೇ ಗೆದ್ದು ಆ ಚೀಟಿ ಮಿಕ್ಕರೆ, ಇಲ್ಲವೇ ಅವರು ಸೋತು ಹೊರಗೆ ಬಿದ್ದರೆ ಮಾತ್ರ ಅದು ಎರಡನೆಯವರಿಗೆ ದಾಟುತ್ತದೆ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾದ ಹಾಗೆ. ಮಿಕ್ಕಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅದಕ್ಕೇ ಒಂದಕ್ಕಾಗಿ ಮನೆಮನೆ ಅಲೆಯಬೇಕು. ಅಣ್ಣ ಅಲೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೋದ ಮನೆಯಲ್ಲೆಲ್ಲ ಕಾಫಿ ಕೊಡುತ್ತಾರೆ, ಕುಡಿಯಲೇಬೇಕು. ಕಪ್ಪು ಬಿಟ್ಟು ಎದ್ದರೆ ಓಟು ಬಿಟ್ಟು ಎದ್ದ ಹಾಗೆ. ಚೀಸು ತುಂಬಿದ ಬಿಸಿಬಿಸಿ ಪಸ್ತಿತ್ಸಿ ತಂದಿಟ್ಟರೆ ಅದನ್ನೂ ತಿನ್ನಬೇಕು. ಸಂಜೆ ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದ. ಆದರೆ ಯಾವ ಮನೆಯಲ್ಲಿ ಯಾರ ಮಂಡಿ ನೋವು, ಯಾರ ಮಗಳು ಆಸ್ಟ್ರೇಲಿಯಾದಿಂದ ಫೋನು ಮಾಡಿಲ್ಲ, ಯಾರ ನಾಯಿ ಸತ್ತಿತು ಎನ್ನುವುದೆಲ್ಲ ಅವನ ತಲೆಯಲ್ಲಿ ಇರುತ್ತಿತ್ತು. ಎಲ್ಲೂ ಬರೆದುಕೊಂಡವನಲ್ಲ. ಐದು ವರ್ಷ ಬಿಟ್ಟು ಅದೇ ಮನೆಗೆ ಹೋದಾಗ ಮೊದಲ ಮಾತೇ ಮಂಡಿಯ ಬಗ್ಗೆ. ಅಂಥ ತಲೆ ದೇವರು ಎಲ್ಲರಿಗೂ ಕೊಡುವುದಿಲ್ಲ. ನನಗಂತೂ ಕೊಟ್ಟಿಲ್ಲ.

ಅವನಿಗೆ ಮದುವೆಯ ಯೋಚನೆ ಬರಲಿಲ್ಲ. ಬಂದಿದ್ದರೂ ಅದನ್ನು ಕೂರಿಸುವುದಕ್ಕೆ ಮನೆಯಲ್ಲಿ ಜಾಗ ಇರಲಿಲ್ಲ. ಬೆಳಗಾಗುವ ಮುಂಚೆ ಬಾಗಿಲ ಮುಂದೆ ಸಾಲು. ಒಬ್ಬಳಿಗೆ ಟೆಲಿಫೋನು ಬೇಕು, ಇನ್ನೊಬ್ಬನಿಗೆ ಆಸ್ಪತ್ರೆಯ ಕೆಲಸದಿಂದ ಬಂದರಿಗೆ ವರ್ಗ ಬೇಕು. ಮಂತ್ರಿಯಾದ ಮೇಲೆ ಸಾಲು ಚರ್ಚಿನ ಮೂಲೆಯವರೆಗೆ ಹೋಯಿತು. ಗೌನು ಹಾಕಿಕೊಂಡ ಜಡ್ಜರ ಹೆಂಡತಿಯೂ ಮೀನಿನ ಬುಟ್ಟಿ ಹಿಡಿದ ಮುದುಕಿಯೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಅಣ್ಣ ಯಾರನ್ನೂ ಮುಂದಕ್ಕೆ ಕರೆಯುತ್ತಿರಲಿಲ್ಲ.

ಇಷ್ಟೆಲ್ಲ ಇದ್ದೂ ನಮ್ಮ ಊರಿಗೆ ಬೇಕಾದದ್ದು ಒಂದೇ, ಅದನ್ನು ಮಾಡಿಸಲು ಅವನಿಂದ ಆಗಿರಲಿಲ್ಲ.

ನಮ್ಮ ಮರ್ಸಬೈದಾ ಮೀನುಗಾರರ ಊರು. ಕೊಲ್ಲಿಯ ಬಾಯಿ ಈಶಾನ್ಯಕ್ಕೆ ತೆರೆದುಕೊಂಡಿದೆ. ಚಳಿಗಾಲದಲ್ಲಿ ಆ ದಿಕ್ಕಿನಿಂದ ಗ್ರಿಗಾಲ್ ಎಂಬ ಗಾಳಿ ಎದ್ದರೆ ಅಲೆ ನೇರವಾಗಿ ಒಳಗೇ ನುಗ್ಗುತ್ತದೆ. ಕಟ್ಟಿಹಾಕಿದ ದೋಣಿಗಳು ಒಂದಕ್ಕೊಂದು ಬಡಿದು ಚೂರಾಗುತ್ತವೆ. ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಒಂದು ಅಲೆ ತಡೆಗೋಡೆ ಬೇಕು ಎಂದು ನಮ್ಮಜ್ಜನ ಕಾಲದಿಂದಲೂ ಕೂಗಿದ್ದೇವೆ.

ಅಣ್ಣ ಮೊದಲ ಸಲ ಮಂತ್ರಿಯಾದಾಗ ಊರಿಗೆ ಊರೇ ಕುಣಿಯಿತು. ಇನ್ನೇನು, ಗೋಡೆ ಬಂದ ಹಾಗೇ. ಅವನು ಹೇಳಿದ, “ಗುಡ್ಡದ ಮೇಲಿನ ಊರುಗಳಲ್ಲಿ ಇನ್ನೂ ಚರಂಡಿ ಇಲ್ಲ, ಮಕ್ಕಳು ಸಾಯ್ತಿದ್ದಾವೆ. ಅದು ಮೊದಲು ಆಗ್ಲಿ. ನಮ್ಮದು ಆಮೇಲೆ. ಇಲ್ದಿದ್ರೆ ಇಂಡ್ರಿ ತನ್ನ ಮನೆ ಬಾಗಿಲಿಗೇ ಕಲ್ಲು ಹೊತ್ತ ಅಂತಾರೆ.” ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಜನ ಹಲ್ಲು ಕಡಿದರು. ಅವನು ಅಲ್ಲಾಡಲಿಲ್ಲ.

ಆ ಫೆಬ್ರವರಿಯಲ್ಲಿ ಗ್ರಿಗಾಲ್ ಬಂತು. ನನ್ನ ಗಂಡ ಲೆಲಿ ದೋಣಿಯ ಹಗ್ಗ ಬಿಗಿಯಲು ಇಳಿದ. ಎರಡು ದೋಣಿಗಳ ನಡುವೆ ಸಿಕ್ಕಿಬಿದ್ದ. ಮದುವೆಯಾಗಿ ಸರಿಯಾಗಿ ಆರು ವರ್ಷವೂ ಆಗಿರಲಿಲ್ಲ ನಮಗೆ.

ಮಣ್ಣು ಮಾಡುವ ದಿನ ಅಣ್ಣ ಕಪ್ಪು ಕೋಟು ಹಾಕಿಕೊಂಡು ಮಂತ್ರಿಯ ಕಾರಿನಲ್ಲಿ ಬಂದ. ಎಲ್ಲರ ಮುಂದೆ ನಾನು ಕೇಳಿದೆ, “ಯಾಕಣ್ಣ ಬಂದೆ? ನಿನ್ನ ಚರಂಡೀಲಿ ದೋಣಿ ಓಡುತ್ತಾ ಅಂತ ನೋಡೋಕೆ ಬಂದ್ಯಾ?” ಅವನು ಕಾರು ವಾಪಸು ಕಳಿಸಿ, ಸ್ಮಶಾನದಿಂದ ಮನೆಯವರೆಗೆ ನನ್ನ ಹಿಂದೆ ಹಿಂದೆ ನಡೆದು ಬಂದ.

ಮಕ್ಕಳಿರಲಿಲ್ಲ. ಅಣ್ಣನ ಮನೆಗೇ ಬಂದು ಸೇರಿದೆ. ಬೈಯುತ್ತಲೇ ಬೇಯಿಸಿ ಹಾಕಿದೆ. ಅವನು ಬೈಸಿಕೊಳ್ಳುತ್ತಲೇ ಉಂಡ.

ಅಲ್ಲಿಂದ ಮುಂದೆ ಅವನ ರಾಜಕೀಯವೆಲ್ಲ ಆ ಗೋಡೆಯ ಸುತ್ತಲೇ ತಿರುಗಿತು. ಆದರೆ ಹಣೆಬರಹ ನೋಡಿ. ಗೋಡೆಗೆ ಕೈ ಹಾಕುವ ಹೊತ್ತಿಗೆ ಸರಕಾರ ಬಿತ್ತು. ಹತ್ತಾರು ವರ್ಷ ಎದುರು ಪಕ್ಷದವರು ಆಳಿದರು. ಮತ್ತೆ ನಮ್ಮವರು ಬಂದರು, ಅಣ್ಣ ಮತ್ತೆ ಮಂತ್ರಿಯಾದ. ಇಟಲಿಯಿಂದ ಎಂಜಿನಿಯರುಗಳನ್ನು ಕರೆಸಿದ, ಸಮುದ್ರದ ತಳ ಅಳೆಸಿದ, ನಕ್ಷೆ ಮಾಡಿಸಿದ, ಸಂಪುಟದಲ್ಲಿ ಒಪ್ಪಿಸಿದ. ಇನ್ನು ಕಲ್ಲು ಬೀಳುವುದೊಂದೇ ಬಾಕಿ. ಅಷ್ಟರಲ್ಲಿ ಚುನಾವಣೆ. ಅಣ್ಣನ ಕೂದಲು ಪೂರಾ ಬೆಳ್ಳಗಾಗಿತ್ತು.

ಆ ಸಲ ನಮ್ಮ ಪಕ್ಷದಿಂದಲೇ ಒಬ್ಬಳು ಹೊಸಬಳು ನಿಂತಿದ್ದಳು. ಲಿಲಿಯಾನಾ ಕೊರ್ದಿನಾ, ಲಾಯರು, ಮೂವತ್ತು ದಾಟಿದ ಹೆಣ್ಣು. ನಮ್ಮಲ್ಲಿ ಒಬ್ಬರು ಎರಡು ಕ್ಷೇತ್ರಗಳಲ್ಲಿ ನಿಲ್ಲಬಹುದು. ಅವಳು ನಮ್ಮಲ್ಲೂ ಉತ್ತರದ ಶ್ರೀಮಂತರ ಕ್ಷೇತ್ರದಲ್ಲೂ ನಿಂತಳು. ನಮ್ಮ ಊರಿನ ಮನೆಮನೆಗೂ ಬಂದು ಕಾಫಿ ಕುಡಿದಳು. ಚೆನ್ನಾಗಿ ಮಾತಾಡುತ್ತಿದ್ದಳು, ಅದನ್ನು ಇಲ್ಲವೆನ್ನಲಾರೆ.

ಆಗ ನಮ್ಮ ಊರಿನವರು ಮಾಡಿದ ಬುದ್ಧಿವಂತಿಕೆ ಇದು. ಒಬ್ಬೊಬ್ಬರೂ ತಮ್ಮಷ್ಟಕ್ಕೆ ಲೆಕ್ಕ ಹಾಕಿದರು. ಇಂಡ್ರಿ ಮಂತ್ರಿ, ನಮ್ಮವನೇ, ಅವನಿಗೆ ಹೇಗಿದ್ದರೂ ಎಲ್ಲರೂ ಒಂದು ಹಾಕುತ್ತಾರೆ, ನನ್ನದೊಂದು ಇಲ್ಲದಿದ್ದರೆ ಅವನೇನು ಮುಳುಗುವುದಿಲ್ಲ. ಪಾಪ, ಈ ಹುಡುಗಿಗೆ ಒಂದು ಹಾಕೋಣ, ನಾಳೆ ಮಗನ ಕೆಲಸಕ್ಕೆ ಆದಾಳು. ಇಂಡ್ರಿಗೆ ಎರಡು. ಹೀಗೆ ಎಲ್ಲರೂ ಪಕ್ಕದ ಮನೆಯವರ ಒಂದನ್ನು ನಂಬಿಕೊಂಡು ತಮ್ಮ ಒಂದನ್ನು ಬೇರೆ ಕಡೆ ಕೊಟ್ಟರು. ಹಾಲಿನ ಹಂಡೆಗೆ ಊರಿನವರೆಲ್ಲ ನೀರು ಹೊಯ್ದ ಕಥೆ ಕೇಳಿದ್ದೀರಲ್ಲ, ಅದೇ.

ನಮ್ಮ ಪಕ್ಷ ಗೆದ್ದಿತು. ಬೀದಿಯಲ್ಲಿ ಕಾರುಗಳು ಹಾರನ್ನು ಬಾರಿಸಿಕೊಂಡು, ಬಾವುಟ ಹಿಡಿದ ಹುಡುಗಿಯರನ್ನು ಬಾನೆಟ್ಟಿನ ಮೇಲೆ ಕೂರಿಸಿಕೊಂಡು ಸುತ್ತುತ್ತಿದ್ದವು. ಊರಿನ ಮೀನುಗಾರರ ಯಜಮಾನ ತುಮಾಸ್ ಓಟು ಎಣಿಸುವ ಜಾಗಕ್ಕೆ ಪಕ್ಷದ ಕಡೆಯಿಂದ ಹೋಗಿದ್ದ. ಅವನು ಮನೆಗೆ ಬಂದಾಗ ಮುಖದಲ್ಲಿ ರಕ್ತವೇ ಇರಲಿಲ್ಲ.

“ಇಂಡ್ರಿಯಣ್ಣ,” ಎಂದ, “ಎಲ್ಲಾ ಎರಡು ಕಣಣ್ಣ. ಚೀಟಿ ಮೇಲೆ ಚೀಟಿ, ಎಲ್ಲಾ ಎರಡು. ಆ ಹುಡುಗಿಗೆ ಸರಿಯಾಗಿ ಬೇಕಾದಷ್ಟೇ ಬಿದ್ದಿದೆ. ಒಂದು ಹಿಡಿ ಜಾಸ್ತಿ ಬಿದ್ದಿದ್ರೂ ನಿನ್ನ ಕಡೆ ಹರೀತಿತ್ತು.”

“ನನಗೆ ಒಂದು ಎಷ್ಟು?”

“ಕೇಳ್ಬೇಡ ಬಿಡು.”

“ನೀನ್ ಯಾರಿಗೆ ಹಾಕ್ದೆ ತುಮಾಸ್?”

ತುಮಾಸ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ. ಅಣ್ಣ ಜೋರಾಗಿ ನಕ್ಕುಬಿಟ್ಟ. ಆ ನಗು ಕೇಳಿ ನನಗೆ ಭಯವಾಯಿತು.

ಮರುದಿನದಿಂದ ಮನೆ ಸಾವಿನ ಮನೆಯ ಹಾಗಾಯಿತು. ಹೆಂಗಸರು ಪಾತ್ರೆಪಾತ್ರೆ ಊಟ ಹೊತ್ತು ತಂದರು. ಮೊಲದ ಸಾರು, ಒಲೆಯಲ್ಲಿ ಬೇಯಿಸಿದ ಮ್ಯಾಕರೋನಿ, ಬೆಲ್ಲದ ಪಾಕ ತುಂಬಿದ ಬಳೆಯಂಥ ರೊಟ್ಟಿ. ಮೂಲೆಮನೆ ಮುದುಕಿ ಕಣ್ಣೊರೆಸಿಕೊಂಡು, “ನಾನು ನಿಂಗೆ ಎರಡು ಕೊಟ್ಟಿದ್ದೆ ಕಣಪ್ಪ ಇಂಡ್ರಿ, ಮೂರು ಕೊಡ್ಲಿಲ್ಲ,” ಎಂದಳು. ಎರಡು ಕೊಟ್ಟದ್ದು ದೊಡ್ಡ ಉಪಕಾರವೇನೋ ಎಂಬ ಹಾಗೆ! ನನ್ನ ಪಿತ್ತ ನೆತ್ತಿಗೇರಿತು. “ನಿಮ್ಮ ಎರಡನ್ನ ಸಾರಿಗೆ ಹಾಕಿ ಕುದಿಸಿ ಕುಡೀರಿ,” ಎಂದು ಸೌಟು ಬೀಸಿದೆ. ಅಣ್ಣ ನನ್ನನ್ನು ಒಳಗೆ ಕಳಿಸಿ, ಆ ಮುದುಕಿಯನ್ನು ಸೋಫಾದಲ್ಲಿ ಕೂರಿಸಿ, ಮಂಡಿನೋವು ಹೇಗಿದೆ ಎಂದು ಕೇಳಿದ.

ಆದರೆ ಕಥೆ ಅಲ್ಲಿಗೆ ಮುಗಿದಿರಲಿಲ್ಲ. ಲಿಲಿಯಾನಾ ಎರಡೂ ಕಡೆ ಗೆದ್ದಿದ್ದಳು. ಒಬ್ಬಳಿಗೆ ಒಂದೇ ಸೀಟು, ಇನ್ನೊಂದನ್ನು ಬಿಡಬೇಕು. ಬಿಟ್ಟ ಸೀಟಿಗೆ ಮತ್ತೆ ಊರಲ್ಲಿ ಓಟು ಹಾಕಿಸುವ ಪದ್ಧತಿ ನಮ್ಮಲ್ಲಿಲ್ಲ. ಬಿಟ್ಟವಳಿಗೆ ಬಿದ್ದ ಚೀಟಿಗಳನ್ನೇ ತೆಗೆದು, ಸೋತವರಲ್ಲಿ ಮತ್ತೆ ನಿಲ್ಲುತ್ತೇನೆ ಎಂದವರ ಪೈಕಿ ಯಾರಿಗೆ ಮುಂದಿನ ನಂಬರು ಇದೆ ಎಂದು ಎಣಿಸುತ್ತಾರೆ. ಅವಳು ನಮ್ಮ ಕ್ಷೇತ್ರ ಬಿಟ್ಟರೆ ಅವಳ ಚೀಟಿಗಳಲ್ಲಿ ಇರುವುದೆಲ್ಲ ಅಣ್ಣನ ಎರಡುಗಳೇ. ಅವನು ಕಣ್ಣು ಮುಚ್ಚಿಕೊಂಡು ಗೆದ್ದ ಹಾಗೆ. ಇದು ಹೊಳೆದ ಕೂಡಲೇ ಅಳುತ್ತಿದ್ದ ಊರು ಹಲ್ಲು ಬಿಟ್ಟಿತು. ವಾದ್ಯದ ಹುಡುಗರು ತುತ್ತೂರಿ ಉಜ್ಜತೊಡಗಿದರು. “ನಾವು ಎರಡು ಕೊಟ್ಟದ್ದು ಸುಮ್ಮನೆ ಅಂದ್ಕೊಂಡ್ರಾ?” ಎಂದು ಮೀಸೆ ತಿರುವಿದವರೂ ಇದ್ದರು.

ನಾನೂ ಹರಕೆ ಹೊತ್ತೆ. ಅಣ್ಣನಿಗೆ ಸೀಟು ಬಂದರೆ ಗೋಡೆ ಬರುತ್ತದೆ ಎಂದೇ ನಾನು ತಿಳಿದಿದ್ದೆ. ಗೋಡೆಯಲ್ಲದೆ ಬೇರೊಂದು ಚಿಂತೆಯೂ ಇತ್ತು. ಬಾಗಿಲ ಮುಂದಿನ ಆ ಸಾಲು ಇಲ್ಲದೆ ಅಣ್ಣ ಬೆಳಿಗ್ಗೆ ಯಾಕಾದರೂ ಏಳಬೇಕು?

ಒಂದು ಮಧ್ಯಾಹ್ನ ಲಿಲಿಯಾನಾ ತಾನೇ ಕಾರು ಓಡಿಸಿಕೊಂಡು ಬಂದಳು. ಅಡುಗೆಮನೆಯ ಮೇಜಿಗೇ ಕರೆದು ಕೂರಿಸಿದ ಅಣ್ಣ. ನಾನು ಕಾಫಿ ಕೊಟ್ಟೆ, ಜೊತೆಗೆ ಬಿಸ್ಕತ್ತು ಇಡಲಿಲ್ಲ. ನಮ್ಮಲ್ಲಿ ಅದರ ಅರ್ಥ ಏನೆಂದು ಅವಳಿಗೂ ಗೊತ್ತು.

“ಸರ್,” ಎಂದಳು, “ನಾನು ಇಲ್ಲಿನ ಸೀಟು ಬಿಡ್ತೀನಿ. ಉತ್ತರದ್ದು ಇಟ್ಕೋತೀನಿ. ನನಗೆ ಬಿದ್ದ ಓಟೆಲ್ಲ ನಿಮ್ಮ ಊರಿನವೇ. ನಿಮ್ಮ ಮನೆ ಅನ್ನ ಕಿತ್ಕೊಂಡು ತಿಂದ ಹಾಗಾಗ್ತಿದೆ ನನಗೆ.”

ನಾನು ಎದ್ದು ಬಿಸ್ಕತ್ತಿನ ಡಬ್ಬಿ ಇಳಿಸಿದೆ.

“ನಿನಗೆ ಯಾವ ಖಾತೆ ಕೊಡ್ತಾರಂತೆ?” ಎಂದು ಅಣ್ಣ ಕೇಳಿದ.

“ಲೋಕೋಪಯೋಗಿ.”

“ನನಗೆ?”

ಅವಳು ಕಪ್ಪಿನೊಳಗೆ ನೋಡಿದಳು. “ಹೊಸಬರನ್ನೇ ತಗೋತಾರಂತೆ ಸರ್. ನೀವು ಹಿರಿಯರು... ಸಲಹೆ ಕೊಡೋದಕ್ಕೆ...”

“ಹಿಂದಿನ ಬೆಂಚಲ್ಲಿ ಕೂತು ಕೆಮ್ಮೋದಕ್ಕೆ ಅನ್ನು.” ಅವನು ನಕ್ಕ. “ಮರ್ಸಬೈದಾ ಗೋಡೆ ಬಗ್ಗೆ ಪ್ರಧಾನಿ ಏನಂದ್ರು?”

“ನಾಲ್ಕು ದೋಣಿಗೋಸ್ಕರ ಅಷ್ಟೊಂದು ಖರ್ಚಾ ಅಂದ್ರು. ಸದ್ಯಕ್ಕೆ ಪಕ್ಕಕ್ಕಿಡೋಣ ಅಂದ್ರು.”

ಅಣ್ಣ ಕಿಟಕಿಯ ಕಡೆ ತಿರುಗಿದ. ಹೊರಗೆ ಯಾರೋ ಬಲೆ ಒಣಗಿಸುತ್ತಾ ಹಾಡಿಕೊಳ್ಳುತ್ತಿದ್ದರು. ಆಮೇಲೆ ಅವನು ಮಗ್ಗಿ ಕೇಳುವ ಮೇಷ್ಟ್ರ ಹಾಗೆ ಒಂದೊಂದೇ ಕೇಳತೊಡಗಿದ.

“ಬೇಜಾರು ಮಾಡ್ಕೋಬೇಡಮ್ಮ. ಉತ್ತರದ ಸೀಟು ಇಟ್ಕೊಂಡ್ರೆ ಮುಂದಿನ ಚುನಾವಣೆಗೆ ಯಾರ ಮನೇಲಿ ಕಾಫಿ ಕುಡೀತೀಯ?”

“ಅಲ್ಲಿನವರ ಮನೇಲಿ.”

“ಅವರು ಏನು ಕೇಳ್ತಾರೆ?”

“ಕಾರು ನಿಲ್ಲಿಸೋಕೆ ಜಾಗ ಕೇಳ್ತಾರೆ.”

“ಮರ್ಸಬೈದಾದ ಗೋಡೆ ಏನಾಯ್ತು ಅಂತ ಒಬ್ಬರಾದ್ರೂ ಕೇಳ್ತಾರಾ?”

“ಇಲ್ಲ ಸರ್.”

“ಇಲ್ಲಿನ ಸೀಟು ಇಟ್ಕೊಂಡ್ರೆ?”

ಲಿಲಿಯಾನಾ ತಲೆಯೆತ್ತಿ ಅವನನ್ನು ನೋಡಿದಳು. ಅವಳು ದಡ್ಡಿಯಲ್ಲ. ಅವಳಿಗೂ ನನಗೂ ಒಟ್ಟಿಗೇ ಅರ್ಥವಾಯಿತು. 

“ದಿನಾ ಬೆಳಿಗ್ಗೆ ಬಾಗಿಲು ಬಡಿದು ಕೇಳ್ತಾರೆ,” ಎಂದಳು ಮೆಲ್ಲಗೆ.

“ಹಾಂ. ಕತ್ತಿನ ಪಟ್ಟಿ ಹಿಡಿದು ಕೇಳ್ತಾರೆ. ನಾನು ಹಿಂದಿನ ಬೆಂಚಲ್ಲಿ ಕೂತು ಗೋಡೆ ಗೋಡೆ ಅಂತ ಕಿರುಚಿದ್ರೆ ಮುದುಕನಿಗೆ ಅರಳುಮರಳು ಅಂತಾರೆ. ಮಂತ್ರಿ ಆದವಳು, ಮುಂದಿನ ಸಲ ಈ ಊರಿಂದ್ಲೇ ಗೆಲ್ಲಬೇಕಾದವಳು ಕೇಳಿದ್ರೆ ಪ್ರಧಾನಿ ಇಲ್ಲ ಅನ್ನಲ್ಲ. ಇಲ್ಲಿನ ಸೀಟೇ ಇಟ್ಕೋ ಲಿಲಿಯಾನಾ. ಉತ್ತರದ್ದು ಬಿಡು.”

“ಹುಚ್ಚು ಹಿಡಿದಿದೆಯಾ ನಿನಗೆ?” ಎಂದು ನಾನು ಕೂಗಿದೆ. “ಇಪ್ಪತ್ತೈದು ವರ್ಷ ಸವೆಸಿದ್ದೀಯ. ಕೈಗೆ ಬಂದ ತುತ್ತನ್ನ ಇವಳ ಬಾಯಿಗೆ ಇಡ್ತೀಯಲ್ಲ!”

“ಚೆತ್ತಾ,” ಎಂದು ನನ್ನ ಹೆಸರು ಹಿಡಿದು ಕರೆದ ಅಣ್ಣ, “ನಿನಗೆ ನಾನು ಬೇಕಾ, ಗೋಡೆ ಬೇಕಾ?”

ನನಗೆ ಎರಡೂ ಬೇಕಿತ್ತು. ಲೆಲಿಯೂ ಬೇಕಿದ್ದ.

ಲಿಲಿಯಾನಾ ಕಣ್ಣಲ್ಲಿ ನೀರು ತುಂಬಿಕೊಂಡು, “ಸರ್, ಊರವರು ನನ್ನನ್ನ ಕಳ್ಳಿ ಅಂತಾರೆ. ನಿಮ್ಮ ಸೀಟು ನುಂಗಿದೆ ಅಂತಾರೆ,” ಎಂದಳು.

“ಅನ್ನಲ್ಲ. ಅದನ್ನ ನಾನು ನೋಡ್ಕೋತೀನಿ. ಆದರೆ ಈ ಮಾತು ಈ ಮೇಜು ದಾಟಬಾರದು. ನಾನು ಹೇಳಿ ಮಾಡಿಸಿದ್ದು ಅಂತ ಗೊತ್ತಾದ್ರೆ ಗೋಡೆ ನನ್ನದಾಗುತ್ತೆ, ನಿನಗೆ ಮುಂದಿನ ಸಲ ಒಂದು ಬೀಳಲ್ಲ. ನೀನು ಸೋತ್ರೆ ಗೋಡೆ ಅರ್ಧಕ್ಕೇ ನಿಲ್ಲುತ್ತೆ. ಅದು ನಿನ್ನ ಗೋಡೇನೇ ಆಗಬೇಕು. ತಿಳೀತಾ?” ನನ್ನ ಕಡೆ ತಿರುಗಿ, “ನೀನೂ ಆಣೆ ಮಾಡು,” ಎಂದ. ಗಂಡನ ಹೆಸರಲ್ಲಿ ಆಣೆ ಮಾಡಿಸಿಕೊಂಡ, ಕಟುಕ.

ಆ ಭಾನುವಾರ ಪೂಜೆ ಮುಗಿದು ಊರೆಲ್ಲ ಚರ್ಚಿನ ಮುಂದಿನ ಚೌಕದಲ್ಲಿ ಇತ್ತು. ಅಣ್ಣ ವಾದ್ಯದ ಸಂಘದ ಮೆಟ್ಟಿಲು ಹತ್ತಿ ನಿಂತ. ಜನ ಚಪ್ಪಾಳೆ ತಟ್ಟಿದರು. ಅವನು ಹೇಳಿದ್ದು ಇಷ್ಟೇ: “ನನಗೆ ಸಾಕಾಗಿದೆ ಕಣ್ರೋ. ಆ ಹೆಣ್ಣುಮಗಳು ಸೀಟು ಬಿಡ್ತೀನಿ ಅಂತ ಮನೆಗೇ ಬಂದು ಕೇಳಿದ್ಲು, ಒಳ್ಳೆಯವಳು. ನಾನೇ ಬೇಡ ಅಂದೆ. ನಾನು ನಿಲ್ಲಲ್ಲ. ನನಗೆ ಸುಸ್ತಾಗಿದೆ.”

ಮೊದಲು ಯಾರೂ ನಂಬಲಿಲ್ಲ. ಆಮೇಲೆ ತುಮಾಸ್ ಬಾಯಿ ಮಾಡಿದ. “ಎರಡು ಕೊಟ್ವಿ ಅಂತ ಮುನಿಸ್ಕೊಂಡ್ಯಾ? ನಮ್ಮ ಗೋಡೆ ಗತಿ ಏನು? ಬೇಕಾದಾಗೆಲ್ಲ ನಮ್ಮ ಮನೆ ಕಾಫಿ ಕುಡಿದು, ಈಗ ಸುಸ್ತಂತೆ ಸುಸ್ತು!” ಇನ್ನೊಬ್ಬ, “ಪಿಂಚಣಿ ಬರುತ್ತಲ್ಲ, ಇನ್ನೇನು ಅವನಿಗೆ,” ಎಂದ. ಅಣ್ಣ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಕೇಳಿ, ಮೆಟ್ಟಿಲಿಳಿದು, ಜನರ ನಡುವೆಯೇ ನಡೆದು ಮನೆಗೆ ಬಂದ. ಯಾರೂ ಅವನಿಗೆ ದಾರಿ ಬಿಡಲಿಲ್ಲ. ಭುಜ ತಾಗಿಸಿಕೊಂಡೇ ಬಂದ.

ಸೋತದ್ದನ್ನು ಊರು ಕ್ಷಮಿಸಿತ್ತು, ಕೈಚೆಲ್ಲಿದ್ದನ್ನು ಕ್ಷಮಿಸಲಿಲ್ಲ. ಬಾಗಿಲ ಮುಂದಿನ ಸಾಲು ಒಂದೇ ದಿನದಲ್ಲಿ ಮಾಯವಾಯಿತು. ಊರ ಸಂತನ ಹಬ್ಬದಲ್ಲಿ ವಾದ್ಯದವರು ಪ್ರತಿ ವರ್ಷ ನಮ್ಮ ಬಾಲ್ಕನಿಯ ಕೆಳಗೆ ನಿಂತು ಅಣ್ಣನಿಗಾಗಿ ಒಂದು ಮೆರವಣಿಗೆಯ ರಾಗ ಬಾರಿಸಿ ಮುಂದೆ ಹೋಗುವುದು ವಾಡಿಕೆ. ಅಣ್ಣ ಬಿಳಿ ಅಂಗಿ ತೊಟ್ಟು ಬಾಲ್ಕನಿಯಲ್ಲಿ ನಿಂತಿದ್ದ. ನಮ್ಮ ಬಾಗಿಲು ಹತ್ತಿರ ಬಂದಾಗ ವಾದ್ಯ ನಿಂತುಹೋಯಿತು. ತುತ್ತೂರಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೆಣದ ಹಿಂದೆ ನಡೆಯುವವರ ಹಾಗೆ ನಡೆದು, ನಮ್ಮ ಮನೆ ದಾಟಿದ ಮೇಲೆ ಮತ್ತೆ ಶುರು ಮಾಡಿದರು. ನಾನು ಒಳಗೆ ಹೋಗಿ ಅತ್ತೆ. ಬಾಲ್ಕನಿಯಿಂದ ಎಲ್ಲರ ಹೆಸರು ಕೂಗಿ ಹೇಳಿಬಿಡಬೇಕು ಅನ್ನಿಸಿತು, ಮೂರ್ಖರಾ, ನಿಮಗಾಗಿಯೇ ಕಣ್ರೋ ಎಂದು. ಲೆಲಿಯ ಹೆಸರಿನ ಆಣೆ ತಡೆಯಿತು.

ಅಣ್ಣ ಮಾತ್ರ ಒಳಗೆ ಬಂದು, “ಈ ವರ್ಷ ಡೋಲಿನವನು ತಾಳ ತಪ್ತಿದ್ದಾನೆ,” ಎಂದ.

ಎಂಥ ಮನುಷ್ಯ ಇವನು ಎಂದು ನಾನು ಬೆರಗಾಗತೊಡಗಿದ್ದು ಆಗಲೇ. ಅಲ್ಲಿಯವರೆಗೆ ಅವನು ನನಗೆ ಅಣ್ಣ, ಅಷ್ಟೇ. ಕಾರು, ಕೋಟು, ಪ್ರಮಾಣವಚನ, ಟೀವಿಯಲ್ಲಿ ಭಾಷಣ, ಇದು ಯಾವುದೂ ನನ್ನನ್ನು ಅಲ್ಲಾಡಿಸಿರಲಿಲ್ಲ. ಹೊಗಳಿಕೆ ಇಲ್ಲದೆ ಬದುಕುವ ರಾಜಕಾರಣಿಯೇ ಅಪರೂಪ; ಬೈಗುಳವನ್ನು ತಾನೇ ಬೇಕೆಂದು ಕರೆದು ತಲೆಮೇಲೆ ಸುರಿದುಕೊಂಡು, ಒಂದು ದಿನವೂ ಮುಖ ಸಿಂಡರಿಸದೆ ಬ್ರೆಡ್ಡಿಗೆ ಟೊಮೆಟೊ ಉಜ್ಜಿ ತಿನ್ನುತ್ತಾ ಕೂತವನನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಚರ್ಚಿನಲ್ಲಿ ಸಂತರ ಪ್ರತಿಮೆಗಳ ಮುಂದೆ ಮೊಣಕಾಲೂರುವಾಗ, ಇವರನ್ನೆಲ್ಲ ಒಬ್ಬೊಬ್ಬ ತಂಗಿ ಹೀಗೇ ಬೈದಿರಬೇಕು ಎಂದುಕೊಳ್ಳುತ್ತಿದ್ದೆ.

ಲಿಲಿಯಾನಾ ಮಾತಿಗೆ ತಪ್ಪಲಿಲ್ಲ, ಅಥವಾ ಊರು ತಪ್ಪಲು ಬಿಡಲಿಲ್ಲ. ಸಾಲು ಈಗ ಅವಳ ಬಾಗಿಲಿಗೆ ಹೋಗಿತ್ತು. ತುಮಾಸ್ ವಾರಕ್ಕೊಮ್ಮೆ ಅವಳ ಕಚೇರಿಗೆ ಹೋಗಿ ಮೇಜು ಗುದ್ದುತ್ತಿದ್ದನಂತೆ. ವರ್ಷ ಕಳೆಯುವುದರೊಳಗೆ ದೊಡ್ಡ ದೋಣಿಗಳು ಕಾಂಕ್ರೀಟಿನ ದಿಮ್ಮಿಗಳನ್ನು ಹೊತ್ತು ತಂದು ಕೊಲ್ಲಿಯ ಬಾಯಲ್ಲಿ ಇಳಿಸತೊಡಗಿದವು. ಒಂದೊಂದೂ ಒಂದು ಮನೆಯಷ್ಟು ದೊಡ್ಡದು. ಅಣ್ಣ ದಿನಾ ಹೋಗಿ ಉಪ್ಪಿನ ಹೊಂಡಗಳ ಹತ್ತಿರ, ಕೆಲಸದವರಿಗೆ ಕಾಣದ ಹಾಗೆ ಕೂತು ನೋಡುತ್ತಿದ್ದ. ದಿಮ್ಮಿ ನೀರಿಗಿಳಿದಾಗ ಅವನ ಪಾದ ನೆಲವನ್ನು ಒತ್ತುತ್ತಿತ್ತು, ತಾನೇ ಅದನ್ನು ಕೆಳಗೆ ತಳ್ಳುತ್ತಿರುವ ಹಾಗೆ. ಉದ್ಘಾಟನೆಗೆ ಅವನನ್ನು ಯಾರೂ ಕರೆಯಲಿಲ್ಲ. ಲಿಲಿಯಾನಾ ಮಾತ್ರ ಭಾಷಣದ ನಡುವೆ ಒಮ್ಮೆ ತಡವರಿಸಿ, ನಮ್ಮ ಮನೆಯ ಕಡೆ ನೋಡಿ, ಮುಂದುವರಿಸಿದಳಂತೆ.

ಅದರ ಮುಂದಿನ ಫೆಬ್ರವರಿಯಲ್ಲಿ ಗ್ರಿಗಾಲ್ ಎದ್ದಿತು. ಬೆಳಗಿನ ಹೊತ್ತು. ಕಿಟಕಿಗಳು ಅದುರತೊಡಗಿದವು. ಅಣ್ಣ ಕೋಟು ಹಾಕಿಕೊಂಡು, “ಬಾ,” ಎಂದ. ನಾನು ಆ ಗಾಳಿಯಲ್ಲಿ ದಡಕ್ಕೆ ಹೋಗದೆ ಎಷ್ಟು ಚಳಿಗಾಲ ಕಳೆದಿದ್ದವೋ. ಅವತ್ತು ಹೋದೆ.

ಊರಿಗೆ ಊರೇ ದಡದಲ್ಲಿ ನಿಂತಿತ್ತು.  ಹೊರಗೆ ಸಮುದ್ರ ಗುಡ್ಡಗುಡ್ಡವಾಗಿ ಎದ್ದು ಬಂದು ಗೋಡೆಗೆ ಬಡಿದು, ಚರ್ಚಿನ ಗೋಪುರದಷ್ಟು ಎತ್ತರಕ್ಕೆ ಬೆಳ್ಳಗೆ ಹಾರಿ ಬೀಳುತ್ತಿತ್ತು. ಬಡಿದ ಸದ್ದು ಎದೆಯೊಳಗೆ ಕೇಳುತ್ತಿತ್ತು. ಗೋಡೆಯ ಈಚೆಗೆ ನೀರು ತೊಟ್ಟಿಲಿನಷ್ಟೇ ತೂಗುತ್ತಿತ್ತು. ಮೂತಿಯ ಮೇಲೆ ಕಣ್ಣು ಬರೆದ ದೋಣಿಗಳು ಕಟ್ಟಿದಲ್ಲೇ ಮೆಲ್ಲಗೆ ತಲೆಯಾಡಿಸುತ್ತಿದ್ದವು. ಒಂದಕ್ಕೊಂದು ತಾಗಲಿಲ್ಲ. ಹಗ್ಗ ಬಿಗಿಯಲು ಯಾವ ಗಂಡಸೂ ನೀರಿಗಿಳಿಯಬೇಕಾಗಲಿಲ್ಲ. ಮುದುಕರು ಟೋಪಿ ತೆಗೆದರು. ನಾನು ಲೆಲಿ ಸತ್ತ ಜಾಗವನ್ನು ನೋಡಿದೆ. ಅಲ್ಲಿ ಒಂದು ಕಡಲಹಕ್ಕಿ ನೀರಿನ ಮೇಲೆ ಸುಮ್ಮನೆ ಕೂತಿತ್ತು. ಅಳು ತಡೆಯಲಾಗಲಿಲ್ಲ. ನಾಚಿಕೆ ಬಿಟ್ಟು ಅತ್ತೆ.

ತುಮಾಸ್ ನಮ್ಮ ಹತ್ತಿರ ಬಂದ. ಮೂರು ವರ್ಷದಲ್ಲಿ ಅವನು ಅಣ್ಣನೊಡನೆ ಆಡಿದ ಮೊದಲ ಮಾತು ಅದು.

“ನೋಡಿದ್ಯಾ ಇಂಡ್ರಿ?” ಎಂದ, ಗಾಳಿಯಲ್ಲಿ ಕೇಳಲೆಂದು ಕೂಗಿಯೇ. “ನಿನ್ನ ಕೈಲಿ ಜೀವಮಾನದಲ್ಲಿ ಆಗದ್ದನ್ನ ಆ ಹೆಣ್ಣುಮಗಳು ಮಾಡಿ ತೋರಿಸಿದ್ಲು. ಗಂಡಸು ಅಂದ್ರೆ ಅವಳು!”

ಸುತ್ತ ನಿಂತವರು ನಕ್ಕರು. ನನ್ನ ಬಾಯಿ ತೆರೆಯಿತು. ಆಣೆ ಹಾಳಾಗಿ ಹೋಗಲಿ, ಲೆಲಿಯೇ ಇದ್ದಿದ್ದರೂ ಹೇಳು ಎನ್ನುತ್ತಿದ್ದ. ಅಷ್ಟರಲ್ಲಿ ಅಣ್ಣ ನನ್ನ ಮಣಿಕಟ್ಟು ಹಿಡಿದ, ಮೂಳೆ ನೋಯುವ ಹಾಗೆ.

“ಹೌದು ಕಣೋ ತುಮಾಸ್,” ಎಂದ, “ನನ್ನ ಕೈಲಿ ಆಗ್ಲಿಲ್ಲ. ಮುಂದಿನ ಸಲಾನೂ ಒಂದು ಅವಳಿಗೇ ಹಾಕ್ರೋ.”

“ಹಾಕ್ದೆ ಇರ್ತೀವಾ? ಅದನ್ನ ನೀನು ಹೇಳ್ಬೇಕಾ?” ಎಂದು ತುಮಾಸ್ ಉಗಿದು ಅತ್ತ ಹೋದ.

ನಾನು ಅಣ್ಣನ ಮುಖ ನೋಡಿದೆ. ಅವನು ಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡ ಎರಡು ದಿನವೂ ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಅಷ್ಟು ಸಂತೋಷವನ್ನು ಆ ಎರಡು ದಿನವೂ ಆ ಮುಖದಲ್ಲಿ ಕಂಡಿರಲಿಲ್ಲ.